ಹಾಡಿನ ಸದ್ದು ಜೋರಾದಾಗ

ಸ್ಕಾರ್‌ಬರೋ
11 ಡಿಸೆಂಬರ್ 2017

ಭರತೇಶನ ಅಪ್ಪನಿಗೆ,

ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಮುಂಬಯಿಯಲ್ಲಿ ಒಬ್ಬರೇ ಇದ್ದೀರೆಂದು ಗುಳಿಗೆ ಮರೆಯಬೇಡಿ. ನಾನು ಗಟ್ಟಿಯಾಗಿದ್ದೇನೆ. ಸೊಸೆ ಅಪೂರ್ವಳ ದವಡೆ ಮುರಿದಿದೆ, ಗಂಜಿಯನ್ನು ಸ್ಟ್ರಾದಲ್ಲಿ ಹೀರುತ್ತಾಳೆ.

ಜಾರಿ ಬಿದ್ದಳೆಂದು ಮಗ ನಿಮಗೆ ಹೇಳಿದ್ದು ಹಸಿ ಸುಳ್ಳು. ಕತ್ತಲಲ್ಲಿ ಹುಳ ಹುಪ್ಪಟೆ ಸತ್ತೀತೆಂದು ಹೊತ್ತು ಮುಳುಗುವ ಮುಂಚೆ ಉಣ್ಣುವ ಜೈನರಲ್ಲವೇ ನಾವು! ಈ ಹಿಮದ ದೇಶದಲ್ಲಿ ಈ ತಿಂಗಳು ನಾಲ್ಕೂವರೆ ದಾಟಿದರೆ ಕತ್ತಲೆ. ಹೋದ ವಾರ, ಮೂರನೇ ತಾರೀಕಿನ ಭಾನುವಾರ, ಬಸ್ಸು ತಡವಾಗಿ, ಔಷಧಿ ಅಂಗಡಿಯ ಶಿಫ್ಟು ಮುಗಿಸಿದ ಅಪೂರ್ವ ಮನೆ ಸೇರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅಡುಗೆ ನಾನೇ ಮಾಡಿಟ್ಟಿದ್ದೆ. ಆದರೆ ಹೆಂಡತಿಯೇ ಬಡಿಸಬೇಕೆಂದು ಕೂತಿದ್ದ ನಿಮ್ಮ ಸುಪುತ್ರ. ಊಟ ತಪ್ಪಿತೆಂದು ಅವಳನ್ನು ಕೋಣೆಗೆ ಎಳೆದು ಚಿಲಕ ಹಾಕಿಕೊಂಡ. ಸಿನಿಮಾಕ್ಕೆ ನೀವು ಬರೆದ ಹಾಡು ಹಚ್ಚಿ ಸದ್ದು ಜೋರು ಮಾಡಿದ.

ಅಂಧೇರಿಯ ಚಾಳಿನಲ್ಲಿ ನೀವೂ ಹೀಗೇ ಮಾಡುತ್ತಿದ್ದಿರಿ. ಸಂಗೀತ ನಿರ್ದೇಶಕರು ‘ಲಾ ಲಾ’ ಎಂದು ಹಾಡಿ ಕೊಟ್ಟ ಟ್ಯೂನಿಗೆ ಮಾತು ಕೂಡದಿದ್ದರೆ ಟೇಪಿನ ಸದ್ದು ಏರುತ್ತಿತ್ತು, ಬೆಲ್ಟು ಕೈಗೆ ಬರುತ್ತಿತ್ತು. ಪಾಪ, ಕವಿಗಳು ಬರೆಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು ನೆರೆಯವರು. ಒಮ್ಮೆ ನನ್ನ ಮಣಿಕಟ್ಟು ತಿರುಚಿ ಲಟಕ್ಕೆಂದಾಗ “ಕೈ ಬಿಡ್ರೀ, ನಾ ಎಲ್ಲೂ ಹೋಗಂಗಿಲ್ಲ” ಎಂದು ಕಿರುಚಿದೆ. ನೀವು ಕೈ ಬಿಟ್ಟು ಪೆನ್ನು ಹಿಡಿದಿರಿ. ಅದೇ ಹಿಂದಿಯಲ್ಲಿ ಪಲ್ಲವಿಯಾಯಿತು. ಪ್ರಶಸ್ತಿ ಬಂತು, ದೊಡ್ಡ ಬ್ಯಾನರಿನ ಚಿತ್ರಗಳು ಬಂದವು, ದೇಶವೆಲ್ಲ ಪ್ರೇಮಗೀತೆ ಎಂದು ಹಾಡಿತು. ಆ ಕೈಯಲ್ಲಿ ನನಗೆ ಇವತ್ತಿಗೂ ರೊಟ್ಟಿ ಬಡಿಯಲಾಗುವುದಿಲ್ಲ.

ಮಗ ಹಚ್ಚಿದ್ದು ಅದೇ ಹಾಡು. ನಡುವೆ “ಅತ್ತೀ, ಬಾಗಲಾ ತಗೀರಿ” ಎಂದು ಕೇಳಿಸಿತು. ಹಿಮ ತೆಗೆಯುವ ಸಲಿಕೆಯಿಂದ ಬಾಗಿಲ ಹಿಡಿಕೆ ಜಜ್ಜಿ ಮುರಿದೆ. ಅವನ ಮೊಣಕಾಲು ಅವಳ ಎದೆಯ ಮೇಲಿತ್ತು, ದಿಂಬೆಲ್ಲ ರಕ್ತ. ಅವನ ಬೆನ್ನಿಗೂ ಸಲಿಕೆ ಬಿತ್ತು. ಹೌದು, ಹಾಕಿದ್ದು ನಾನೇ, ಪೊಲೀಸರನ್ನು ಕರೆದವಳೂ ನಾನೇ. ಈಗ ಬೇಲ್ ಮೇಲೆ ಗೆಳೆಯ ಸತೀಶನ ಬೇಸ್‌ಮೆಂಟಲ್ಲಿದ್ದಾನೆ, ಇಲ್ಲಿಗೆ ಕಾಲಿಡುವಂತಿಲ್ಲ.

ನೆರೆಯ ಶಾರದಮ್ಮನವರಿಗೆ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನೀರಜಾ

ತಾ.ಕ.: “ಬಿದ್ದಳು ಅಂತ ಪೊಲೀಸರ ಕಡೆ ಬರಸಿಬಿಡು, ಮನೆತನದ ಮರ್ಯಾದಿ” ಎಂದು ನಿನ್ನೆ ಫೋನಿನಲ್ಲಿ ಗದರಿಸಿದಿರಲ್ಲ, ಬರೆಸುವುದಿಲ್ಲ. ಜಡ್ಜರ ಮುಂದೆ ನಿಂತು ಮಗ ಮಾಡಿದ್ದನ್ನು ಹೇಳುತ್ತೇನೆ. ಯಾರಿಂದ ಕಲಿತ ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ. ಮದುವೆಯ ದಿನ ಗಂಡನ ಹೆಸರು ಸೇರಿಸಿ ಕಟ್ಟುವ ಒಡಪಿನಲ್ಲಿ ಹೇಳಿದ ಮೇಲೆ ನಿಮ್ಮ ಹೆಸರು ನನ್ನ ಬಾಯಿಂದ ಬಂದಿಲ್ಲ. ನಾಲಿಗೆಗೆ ರೂಢಿಯಾಗಲೆಂದು ಬೆಳಗಿನಿಂದ ಅಪೂರ್ವಳ ಎದುರು ಕೂತು ಗಟ್ಟಿಯಾಗಿ ಹೇಳುತ್ತಿದ್ದೇನೆ: ಧರಣೇಂದ್ರ.