ಅಮ್ಮ ಕೊಟ್ಟ ಮೆಟ್ಟಿಲು

ಮಾರ್ಚ್ ೧೧, ಬುಧವಾರ

ಏಳು ಮತ್ತು ಮೂರು. ಸಂಜೆಯಿಂದ ಈ ಎರಡು ಅಂಕಿಗಳು ತಲೆ ತಿನ್ನುತ್ತಿವೆ.

ಯಾರ ಮಕ್ಕಳು ಸಮಾಜದಲ್ಲಿ ಎಷ್ಟು ಮೇಲೆ ಬಂದರು ಎಂದು ಅಳೆಯುವುದು ನನ್ನ ಸಂಶೋಧನೆ. ಪ್ರಶ್ನಾವಳಿಯನ್ನು ಮನೆ ಮನೆಗೆ ಒಯ್ಯುವ ಮೊದಲು ಅಮ್ಮನ ಮೇಲೇ ಪರೀಕ್ಷಿಸಿದೆ. ಹತ್ತು ಮೆಟ್ಟಿಲಿನ ಏಣಿಯ ಚಿತ್ರ ಮುಂದಿಟ್ಟು, "ಇದರಲ್ಲಿ ನೀನು ಎಲ್ಲಿದ್ದೀಯಮ್ಮ?" ಎಂದೆ. ಇಪ್ಪತ್ತೆಂಟು ವರ್ಷ ಆಫೀಸಿನ ನೆಲ ಒರೆಸಿದವಳು ಹಿಂದೆಮುಂದೆ ನೋಡದೆ ಏಳರ ಮೇಲೆ ಬೆರಳಿಟ್ಟಳು.

"ಬೀಗದ ಕೈ ನನ್ ಹತ್ರ ಇರ್ತಿತ್ತು ಕಣೇ. ನಾನು ಬರೋ ತನಕ ದೊಡ್ಡ ಸಾಹೇಬ್ರೂ ಬಾಗಿಲ ಹೊರಗೇ ನಿಂತಿರ್ಬೇಕಿತ್ತು."

ಸರಿ, ಮಗಳು ಎಲ್ಲಿದ್ದಾಳೆ ಎಂದರೆ, ಮೂರಂತೆ!

ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಯಾಕೆ ಎಂದು ಕೇಳಿದರೆ, "ಬರ್ಕೋ ಸುಮ್ನೆ" ಎಂದಳು. ಉತ್ತರ ಕೊಟ್ಟವರ ಜೊತೆ ವಾದ ಮಾಡಬಾರದು ಎಂಬ ನಿಯಮ ಬರೆದವಳೂ ನಾನೇ. ಬರೆದುಕೊಂಡೆ. ನನ್ನದೇ ಸಂಶೋಧನೆಯ ಪ್ರಕಾರ ನಾನು ಅಮ್ಮನಿಗಿಂತ ನಾಲ್ಕು ಮೆಟ್ಟಿಲು ಕೆಳಗೆ.

ಅಷ್ಟರಲ್ಲಿ ನಮ್ಮ ಪ್ರೊಫೆಸರರ ಫೋನು ಬಂತು.

"ಹೇಗಾಯ್ತಮ್ಮ?"

"ಚೆನ್ನಾಗಾಯ್ತು ಸರ್. ಹೌದು ಸರ್. ಆಗ್ಲಿ ಸರ್."

ಫೋನ್ ಇಟ್ಟ ಮೇಲೆ ನೋಡುತ್ತೇನೆ, ಕುರ್ಚಿ ಬಿಟ್ಟು ನೆಟ್ಟಗೆ ಎದ್ದು ನಿಂತಿದ್ದೇನೆ. ಯಾವಾಗ ಎದ್ದೆನೋ! ಅಮ್ಮ ಕೂತಲ್ಲಿಂದಲೇ ಮೂರು ಬೆರಳು ಎತ್ತಿ ತೋರಿಸಿದಳು.

ತಿದ್ದಬೇಕಾದದ್ದು ಪ್ರಶ್ನೆಯನ್ನೋ ನನ್ನ ಮೊಣಕಾಲನ್ನೋ, ಒಂದೂ ತಿಳಿಯುತ್ತಿಲ್ಲ. ನಾಳೆ ಹತ್ತು ಗಂಟೆಗೆ ಸರ್ ಕೋಣೆಗೆ ಹೋಗಬೇಕು. ಅವರು ಹೇಳುವ ಮೊದಲೇ ಕೂತುಬಿಟ್ಟರೆ, ನಾಲ್ಕಕ್ಕಾದರೂ ಏರುತ್ತೇನೆಯೇ?