ಬೆನ್ನ ಮೇಲಿನ ಎರಡು ತೋಳು

ಕಿರಿಯ ಸೂರ್ಯ ಆರಿಹೋದ ಮೇಲಿನ ನಾಲ್ಕು ಸಾವಿರದ ಹನ್ನೊಂದನೆಯ ಚಳಿಗಾಲ,
ಗಾಳಿಬಾಗಿಲು ಕಣಿವೆ.

ಇಜ್ಜಲಿಯ ತಂಗಿಯ ವಂಶದಲ್ಲಿ ಇನ್ನು ಹುಟ್ಟಬೇಕಾದ ಮಕ್ಕಳಿಗೆ,

ಮೊದಲಿಗೆ ನನ್ನ ಮಾತಿನ ವಿಚಿತ್ರಕ್ಕೆ ಕ್ಷಮೆ ಇರಲಿ. ನಾನು ಕಲ್ಲೊಡಲಿನವನು. ನಿಮ್ಮ ಭಾಷೆಯನ್ನು ನನಗೆ ಕಲಿಸಿದವಳು ನಿಮ್ಮ ಮುತ್ತಜ್ಜಿಗಿಂತ ಹಿಂದೆ ಬದುಕಿದ್ದ ಒಬ್ಬ ಸಿಪಾಯಿ. ಹಾಗಾಗಿ ನನ್ನ ಪದಗಳಲ್ಲಿ ಕೆಲವು ನಿಮಗೆ ಅರ್ಥವಾಗಲಿಕ್ಕಿಲ್ಲ, ಕೆಲವು ಹಿರಿಯರ ಮುಂದೆ ಆಡುವಂಥವೂ ಅಲ್ಲ. ಇನ್ನೊಂದು ಸಂಗತಿ, ನಮ್ಮವರು ಬಲು ನಿಧಾನ. ಈ ಓಲೆಯ ಮೊದಲ ಸಾಲು ಬರೆಯುವಾಗ ಹರೆಯದವನಾಗಿದ್ದ ನಿಮ್ಮ ಓಲೆಕಾರ ಈಗ ಹಲ್ಲು ಬಿದ್ದ ಮುದುಕ. ಬೇಗ ಮುಗಿಸಬಾರದೇ ಎಂದು ಬಾಗಿಲಲ್ಲಿ ಕೂತು ಗೊಣಗುತ್ತಿದ್ದಾನೆ. ಅದಕ್ಕೇ ಇನ್ನೂ ಹುಟ್ಟದವರಿಗೆ ಬರೆಯುತ್ತಿದ್ದೇನೆ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ನೀವು ಹುಟ್ಟಿ ದೊಡ್ಡವರಾಗಿರುತ್ತೀರಿ.

ನಿಮ್ಮ ಕಾಲಕ್ಕೆ ಯುದ್ಧದ ನೆನಪು ಉಳಿದಿರಲಾರದು. ಆ ಯುದ್ಧದಲ್ಲಿ ಕೊರಕರು ಎಂಬ ದಂಡು ಕಲ್ಲನ್ನೂ ಕೊರೆಯುವ ಭರ್ಜಿ ಹಿಡಿದು ಈ ಕಣಿವೆ ದಾಟಲು ಬರುತ್ತಿತ್ತು. ಕಣಿವೆಯ ಹಿಂದೆ ನಮ್ಮ ಊರೂ ಇತ್ತು, ನಿಮ್ಮ ಊರೂ ಇತ್ತು. ಅದಕ್ಕೆ ಹಿರಿಯರು ಜೋಡಿಕಾವಲು ಎಂಬ ಪದ್ಧತಿ ಮಾಡಿದರು. ಕಲ್ಲೊಡಲಿನವರಲ್ಲಿ ಒಬ್ಬರು, ಕಾವಿನವರಾದ ನಿಮ್ಮಲ್ಲಿ ಒಬ್ಬರು ಸೇರಿ ಒಂದು ಜೋಡಿ. ನಮ್ಮ ಕೆಲಸ ಕಣಿವೆಯ ಇಕ್ಕಟ್ಟಾದ ಸಂದಿಗೆ ಅಡ್ಡವಾಗಿ ನಿಲ್ಲುವುದು, ಅಷ್ಟೇ. ನಿಮ್ಮವರ ಕೆಲಸ ನಮ್ಮ ಸುತ್ತ ಓಡಾಡುತ್ತ ಹೊಡೆದಾಡುವುದು. ನನ್ನ ಪಾಲಿಗೆ ಬಂದವಳು ಇಜ್ಜಲಿ. ನನ್ನ ಸೊಂಟಕ್ಕೆ ಬರುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಜೋಡಿ ಕೊಡ್ರಿ ಅಂದ್ರ ನನಗ ಬಂಡೆಗಲ್ಲು ಕೊಟ್ಟಾರಲ್ಲ!" ಎಂದಳು. ನನ್ನ ನಿಜವಾದ ಹೆಸರು ಹೇಳಿ ಮುಗಿಸಲು ಅರ್ಧ ದಿನ ಬೇಕು. ಅವಳು ಬಂಡೆಪ್ಪ ಎಂದು ಕರೆದಳು, ನಾನು ಒಪ್ಪಿಕೊಂಡೆ.

ನಮ್ಮ ಸಂಸಾರವನ್ನು ನೋಡಿ ಇಡೀ ಪಡೆ ನಗುತ್ತಿತ್ತು. ಅವಳಿಗೆ ದಿನವಿಡೀ ಹಸಿವು. ಹಿಟ್ಟನ್ನು ಎರಡು ಅಂಗೈ ನಡುವೆ ತಟ್ಟಿದರೆ ಸಾಕು, ಅಲ್ಲಿಯೇ ರೊಟ್ಟಿ ಬೇಯುತ್ತಿತ್ತು. ನಾನು ತಿಂಗಳಿಗೊಮ್ಮೆ ಉಪ್ಪಿನ ಬಂಡೆ ನೆಕ್ಕಿ ಸುಮ್ಮನಾಗುತ್ತಿದ್ದೆ. ಕುಡಿಯುವ ನೀರು ತಣ್ಣಗಾಗಲೆಂದು ಅವಳು ತಂಬಿಗೆಯನ್ನು ನನ್ನ ಬೆನ್ನಿಗೆ ಆನಿಸಿಡುತ್ತಿದ್ದಳು. ಬೆಳಿಗ್ಗೆ ಏನಾದರೂ ಕೇಳಿದರೆ ನನ್ನ ಉತ್ತರ ಸಂಜೆಗೆ ಮುಗಿಯುವುದು. ಅಷ್ಟರಲ್ಲಿ ತಾನು ಕೇಳಿದ್ದೇನೆಂಬುದೇ ಅವಳಿಗೆ ಮರೆತಿರುವುದು. ಆದರೆ ಒಂದು ದಿನ, ನಮ್ಮವರಲ್ಲಿ ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದವಳು ಏಳಲೇ ಇಲ್ಲ. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, ನಾನು ಮಾತು ಶುರುಮಾಡಿದಾಗಿನಿಂದ ಮುಗಿಸುವವರೆಗೆ ನನ್ನ ಬಾಯಿಯನ್ನೇ ನೋಡುತ್ತ ಕೂತಳು. ರೊಟ್ಟಿ ಕಲ್ಲಾಗಿತ್ತು. ಕಾವಿನವರು ಉಣ್ಣದೆ ಅಷ್ಟು ಹೊತ್ತು ಕೂರುವುದೆಂದರೆ ಪ್ರಾಣಸಂಕಟ ಎಂದು ಆಮೇಲೆ ತಿಳಿಯಿತು. ಅಂದೇ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ನಿಮ್ಮ ಎಷ್ಟೋ ತಲೆಮಾರಿಗೊಮ್ಮೆ ನಾವು ಮೈಮೇಲಿನ ಕಲ್ಲುಚಿಪ್ಪನ್ನು ಕಳಚುತ್ತೇವೆ. ಅದಕ್ಕೆ ಕಳಚು ಎಂದೇ ಹೆಸರು. ಹಳೆಯ ಚಿಪ್ಪನ್ನು ಗುಹೆಯ ಬಾಗಿಲಲ್ಲಿ ಬಿಟ್ಟು, ಕಣಕದಂಥ ಮೆತ್ತನೆಯ ಮೈಯಲ್ಲಿ ಒಳಗೆ ತೆವಳಿ, ಚಳಿಯಲ್ಲಿ ನಡುಗುತ್ತ ಮಲಗುತ್ತೇವೆ. ಆ ಚಳಿಗೇ ಹೊಸ ಚಿಪ್ಪು ಗಟ್ಟಿಯಾಗುವುದು; ಮೈ ನಡುಗುತ್ತದೆಯೇ ಹೊರತು ಚಳಿಯ ಕಾಟ ನಮಗೆ ತಿಳಿಯದು. ಆಗ ನಮ್ಮನ್ನು ಮಗುವೂ ಕೊಲ್ಲಬಹುದು, ಆದ್ದರಿಂದ ಬಾಗಿಲಿಗೆ ಒಬ್ಬರು ಕಾವಲಿರಬೇಕು. ನಮ್ಮಲ್ಲಿ ಪ್ರೀತಿ ಹೇಳಿಕೊಳ್ಳುವ ರೀತಿಯೂ ಇದೊಂದೇ, ನನ್ನ ಕಳಚಿಗೆ ಕಾವಲು ನಿಲ್ಲುತ್ತೀಯಾ ಎಂದು ಕೇಳುವುದು. ನಿಂತವರು ಒಳಗೆ ಕಾಲಿಡಬಾರದು, ಕಾವು ತಾಗಿಸಬಾರದು. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಉಸಿರಾಡು ಎಂದು ಹೇಳಿಕೊಡುವುದುಂಟೇ? ನಾನು ಇಜ್ಜಲಿಯನ್ನು ಕಾವಲಿಗೆ ಕರೆದೆ. ನಿಯಮ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಿಮ್ಮ ನಿಯಮ ನಿಮಗೆ ಗೊತ್ತೇ ಇದೆ. ಜೊತೆಗಾರ ನಡುಗುವುದನ್ನು ಕಂಡೂ ಕಾವು ಕೊಡದವರ ಮನೆಯ ಒಲೆಗೆ ನಿಮ್ಮವರು ನೀರು ಸುರಿಯುತ್ತಾರೆ. ಇಜ್ಜಲಿ ಬಾಗಿಲಲ್ಲಿ ನಿಂತು ನನ್ನ ನಡುಕ ಕೇಳಿದಳು. ನಾನು ಕರೆದಿರಲಿಲ್ಲವೆಂದು ಎಷ್ಟೋ ಹೊತ್ತು ತಡೆದುಕೊಂಡಳು. ಕೊನೆಗೆ ಕತ್ತಿ ಕೆಳಗಿಟ್ಟು ಒಳಗೆ ಬಂದಳು. "ಹಿಂಗ ನಡಗಾಕತ್ತೀಯಲ್ಲೋ ಬಂಡೆಪ್ಪ, ನನ್ನ ಕರೀಬಾರ್ದೇನು?" ಎಂದು ಬೈಯುತ್ತಲೇ ಹಿಂದಿನಿಂದ ತಬ್ಬಿಕೊಂಡು, ಬೆನ್ನಿಗೆ ಕೆನ್ನೆ ಒತ್ತಿ ಮಲಗಿದಳು. ನನ್ನ ಮೈಯನ್ನು ಸುತ್ತುವಷ್ಟು ಅವಳ ತೋಳು ಉದ್ದವಿರಲಿಲ್ಲ. ಬೇಡ ಎನ್ನಲು ನನಗೆ ಬಹಳ ಹೊತ್ತು ಬೇಕು. ಆದರೆ ಆ ಮಾತನ್ನು ನಾನು ಶುರುವೇ ಮಾಡಲಿಲ್ಲ. ಅಷ್ಟು ಹಿತವಾಗಿತ್ತು.

ಕಳಚು ಮುಗಿದು ಮತ್ತೆ ಸಂದಿಯಲ್ಲಿ ನಿಂತ ಮೇಲೆ, ಎಂದಿನಂತೆ ಅವಳು ತಂಬಿಗೆ ತಂದು ನನ್ನ ಬೆನ್ನಿಗೆ ಆನಿಸಿದಳು. ತಂಬಿಗೆ ಒಳಕ್ಕೆ ಕುಸಿಯಿತು. ಬೆರಳಿನಿಂದ ಸುತ್ತಲೂ ಒತ್ತಿ ನೋಡಿದಳು. ಇಡೀ ಬೆನ್ನು ಕಲ್ಲಾಗಿತ್ತು. ಎರಡು ತೋಳಿನ, ಒಂದು ಕೆನ್ನೆಯ ಜಾಗ ಮಾತ್ರ ಮೆತ್ತಗೆ ಉಳಿದಿತ್ತು. ಅವಳಿಗೆ ಎಲ್ಲ ಅರ್ಥವಾಯಿತು. "ಬಾಯಿ ಇರಲಿಲ್ಲೇನು ನಿನಗ? ಯಾಕ ಹೇಳಲಿಲ್ಲೋ?" ಎಂದು ಅತ್ತಳು. ಅವಳ ಕಣ್ಣೀರು ಕೆನ್ನೆಯ ಮೇಲೇ ಆವಿಯಾಗುತ್ತಿತ್ತು. ನಾನು ಉತ್ತರ ಶುರುಮಾಡಿದೆ. ಅಷ್ಟರಲ್ಲಿ ಕಹಳೆ ಕೂಗಿತು, ಕೊರಕರು ಬಂದರು.

ನಾನು ಸಂದಿಯಿಂದ ಕದಲಿದರೆ ಹಿಂದಿದ್ದ ಎರಡೂ ಊರು ಉಳಿಯುತ್ತಿರಲಿಲ್ಲ. ಇಜ್ಜಲಿ ಸೊಂಟದ ಪಟ್ಟಿ ಬಿಚ್ಚಿ ತನ್ನನ್ನು ನನ್ನ ಬೆನ್ನಿಗೆ ಬಿಗಿದುಕೊಂಡಳು. ತನ್ನದೇ ತೋಳಿನ ಗುರುತಿನಲ್ಲಿ ತೋಳಿಟ್ಟಳು. ಓಡುವುದೊಂದೇ ರಕ್ಷಣೆಯಾಗಿದ್ದ ಹುಡುಗಿ ಓಡದಂತೆ ತನ್ನನ್ನೇ ಕಟ್ಟಿಹಾಕಿಕೊಂಡಳು. "ನೀ ಮುಂದ ನೋಡು, ಹಿಂದ ನಾ ಅದೀನಿ" ಎಂದಳು. ಕೊರಕರು ಬಂಡೆ ಹತ್ತಿ ಹಿಂದಿನಿಂದ ಇಳಿದರು. ನಾನು ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಉಳಿದ ಜೋಡಿಗಳು ಅವರನ್ನು ಓಡಿಸಿದವು, ಊರುಗಳು ಉಳಿದವು. ನನ್ನ ಬೆನ್ನ ಮೇಲೆ ಅವಳ ಮೈ ಸ್ವಲ್ಪ ಸ್ವಲ್ಪವಾಗಿ ಆರುತ್ತ ಬಂತು. ಚಳಿ ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗಲೇ. ನನ್ನ ಉತ್ತರ ಇನ್ನೂ ಬಾಯಲ್ಲೇ ಇತ್ತು. ನಿಲ್ಲಿಸಲು ಬಾರದೆ ಪೂರ್ತಿ ಹೇಳಿದೆ: "ನನಗೆ ಚಳಿಯಾಗಿರಲಿಲ್ಲ ಇಜ್ಜಲಿ, ನೀನು ಎದ್ದು ಹೋಗದಿರಲಿ ಎಂದು ಸುಮ್ಮನಿದ್ದೆ." ಕೇಳಲು ಅವಳಿರಲಿಲ್ಲ.

ಆ ಗುರುತು ಇನ್ನೂ ಇದೆ, ಇನ್ನೂ ಮೆತ್ತಗೇ ಇದೆ. ನನ್ನ ಕೈ ಬೆನ್ನಿಗೆ ಎಟುಕುವುದಿಲ್ಲ. ನಾನು ಅದನ್ನು ಒಮ್ಮೆಯೂ ಮುಟ್ಟಿಲ್ಲ, ನೋಡಿಲ್ಲ. ಗಾಳಿ ಬೀಸಿದಾಗ ಮಾತ್ರ ಎಲ್ಲಿದೆ ಎಂದು ತಿಳಿಯುತ್ತದೆ. ನೀವು ಇದನ್ನು ಓದುವ ಹೊತ್ತಿಗೆ ನನ್ನ ಮುಂದಿನ ಕಳಚು ಹತ್ತಿರ ಬಂದಿರುತ್ತದೆ. ಕಳಚಿದ ಚಿಪ್ಪನ್ನು ಕುಟ್ಟಿ ಪುಡಿಮಾಡಿ ಕಣಿವೆಯ ಗೋಡೆಗೆ ಮೆತ್ತುವುದು ನಮ್ಮವರ ಪದ್ಧತಿ. ಇದನ್ನೊಂದು ಬಿಡಿ ಎಂದು ಕೇಳಿಕೊಂಡೆ, ಹಿರಿಯರು ಒಪ್ಪಲಿಲ್ಲ. ಕಾವಲು ನಿಂತವರು ಬೇಡಿದರೆ ಮಾತ್ರ ಕೊಡಬೇಕೆಂಬ ನಿಯಮವಿದೆ.

ಆದ್ದರಿಂದ ನಿಮ್ಮಲ್ಲಿ ಒಬ್ಬರು ಬಂದು ನನ್ನ ಬಾಗಿಲಿಗೆ ಕಾವಲು ನಿಲ್ಲಬೇಕು. ಈ ಸಲ ನಿಯಮವನ್ನು ಮೊದಲೇ ಹೇಳುತ್ತಿದ್ದೇನೆ. ಒಳಗೆ ಬರಬೇಡಿ. ನಾನು ಎಷ್ಟೇ ನಡುಗಿದರೂ ಬರಬೇಡಿ, ಆ ಜಾಗ ಒಬ್ಬಳದು. ಬೆನ್ನಿನ ಚಿಪ್ಪನ್ನು ಬೇಡಿ ತೆಗೆದುಕೊಂಡು ಹೋಗಿ ಅವಳ ಮನೆಯ ಒಲೆಯ ಪಕ್ಕದಲ್ಲಿಡಿ. ಆದರೆ ಹೊರಡುವ ಮೊದಲು ಬಾಗಿಲ ಆಚೆಯೇ ನಿಂತು ಒಂದು ಸಲ ಅದನ್ನು ನನ್ನ ಕಡೆ ತಿರುಗಿಸಿ ಎತ್ತಿ ಹಿಡಿಯಿರಿ. ತೋಳು ಸೋತರೂ ಬೇಗ ಇಳಿಸಬೇಡಿ. ನಾನು ನೋಡುವುದೂ ನಿಧಾನ.

ನಿಮ್ಮ,
ಬಂಡೆಪ್ಪ