ಜ್ವರಪಾಲು ವಾಪಸ್ ಕಳಿಸಿದವಳ ಕಾಗದ

ಹಾವೇರಿ, ಎರಡನೇ ಬೇಸಿಗೆಯ ಮೂವತ್ತೈದನೇ ತಾರೀಕು, ೨೨೬೮

ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿಯಾದ ಕಸ್ತೂರೆವ್ವನವರಿಗೆ ನೀಲಾಂಬರಿಯ ಶರಣು. ನನ್ನ ಮಾತು ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬರೆದಿಟ್ಟ ಮನೆಮದ್ದಿನ ನೋಟುಬುಕ್ಕಿನಿಂದ ಮಾತ್ರ.

ಅದರಲ್ಲಿ ಒಂದು ಕಡೆ ಬರೆದಿದ್ದೀರಿ: ಜ್ವರ ಬಂದು ಮಲಗಿದ್ದಾಗ ನಾದಿನಿ ಹೆಸರುಕಾಳಿನ ಕಟ್ಟು, ಬೇಯಿಸಿದ ಮೊಟ್ಟೆ ತಂದಳು, ವಾಸನೆಗೇ ವಾಕರಿಕೆ ಬಂತು, ಮೊಟ್ಟೆಯನ್ನು ನಾಯಿಗೆ ಹಾಕಿದೆ ಅಂತ. ಅಯ್ಯೋ ನಮ್ಮವ್ವಾ, ನಾಯಿಗೆ! ಸುಳ್ಳು ಯಾಕೆ ಹೇಳಲಿ, ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮನ್ನು ಕಂಡು, ಅದನ್ನು ತಂದುಕೊಟ್ಟ ಆ ನಾದಿನಿಯನ್ನು ಕಂಡು, ಕೊನೆಗೆ ಆ ನಾಯಿಯನ್ನು ಕಂಡೂ.

ನಮ್ಮಲ್ಲಿ ಕಾಳು, ಮೊಟ್ಟೆ ಯಾರೂ ಕಂಡವರಿಲ್ಲ, ಅದರ ಬದಲು ಮೈಪಾಲು ಅಂತ ಇದೆ. ಒಬ್ಬೊಬ್ಬರ ತೂಕ ನೋಡಿ ದಿನಕ್ಕಿಷ್ಟು ಅಂತ ಕೊಡುವ ಪ್ರೋಟೀನಿನ ಹಿಟ್ಟು. ನೀರಲ್ಲಿ ಕಲಸಿ ತಿಂದು ಬೆರಳು ನೆಕ್ಕುತ್ತೇವೆ. ಯಾರಿಗಾದರೂ ವೈರಸ್ ಜ್ವರ ಬಂದರೆ ಓಣಿಯವರೆಲ್ಲ ತಮ್ಮ ಪಾಲಿನಿಂದ ಚಿಟಿಕೆ ಚಿಟಿಕೆ ತೆಗೆದಿಟ್ಟು ಬಾಗಿಲಿಗೆ ತಂದುಕೊಡುತ್ತಾರೆ. ಅದು ಜ್ವರಪಾಲು. ಜ್ವರದೊಡನೆ ಹೊಡೆದಾಡುವ ಮೈಗೆ ಪ್ರೋಟೀನು ಹೆಚ್ಚು ಬೇಕು, ಹೊರಗಿನಿಂದ ಸಿಗದಿದ್ದರೆ ಅದು ತನ್ನದೇ ಮಾಂಸಖಂಡವನ್ನು ಕರಗಿಸಿಕೊಳ್ಳುತ್ತದೆ ಎಂದು ನಮ್ಮ ಓಣಿಯ ದಾದಿ ಹೇಳುತ್ತಲೇ ಇರುತ್ತಾಳೆ.

ಹೋದ ತಿಂಗಳು ನನ್ನ ಒಂಬತ್ತು ವರ್ಷದ ಮಗಳು ಇಂಚರಳಿಗೆ ಜ್ವರ ಬಂತು. ಜ್ವರಪಾಲು ಬಾಗಿಲಿಗೆ ಬಂತು. ನಾನು ವಾಪಸ್ ಕಳಿಸಿದೆ. ದಾದಿ ಬೈದಳು, ಕೇಳಲಿಲ್ಲ. ನಿಮ್ಮ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ, ಜ್ವರಕ್ಕೆ ಐದು ದಿನ ಬರೀ ಗಂಜಿತಿಳಿ ಅಂತ ಇತ್ತಲ್ಲ. ಹಿರಿಯರ ಮಾತು ಅಂತ ತಲೆಮೇಲೆ ಹೊತ್ತೆ. ನಿಮಗೆ ಆ ಉಪವಾಸ ದಕ್ಕಿತು ಅವ್ವಾ, ಹೊಟ್ಟೆತುಂಬ ಉಂಡು ಬೆಳೆದವರು ನೀವು. ನನ್ನ ಕೂಸಿನ ಮೈಯಲ್ಲಿ ಕರಗುವುದಕ್ಕೆ ಏನಿತ್ತು? ಆರನೇ ದಿನ ಜ್ವರ ಬಿಟ್ಟಿತು, ಕಾಲು ನಿಲ್ಲಲಿಲ್ಲ. ಈಗಲೂ ಗೋಡೆ ಹಿಡಿದೇ ನಡೆಯುತ್ತಾಳೆ.

ಆ ಸಾಲನ್ನು ಹೊಡೆದುಹಾಕಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಅದರ ಜಾಗದಲ್ಲಿ ನಾದಿನಿ ತಂದದ್ದನ್ನು ಬರೆಯಿರಿ. ವಾಕರಿಕೆ ಬಂದರೆ ಚೂರುಚೂರೇ, ಆಗಾಗ ತಿನ್ನಿಸಬೇಕು ಅಂತಲೂ ಬರೆಯಿರಿ.

ಓಣಿಯವರು ದೊಡ್ಡ ಮನಸ್ಸಿನವರು, ಮತ್ತೆ ಜ್ವರಪಾಲು ತರುತ್ತಿದ್ದಾರೆ. ಎದುರಿಗೆ ಕೂತು ತಿನ್ನಿಸುತ್ತೇನೆ. ಕೂಸು ಅರ್ಧಕ್ಕೇ ಸಾಕೆಂದು ಬಟ್ಟಲನ್ನು ನನ್ನತ್ತ ತಳ್ಳುತ್ತದೆ. ಹೆತ್ತವಳು ಹೇಳಬಾರದು, ಆದರೂ ಹೇಳುತ್ತೇನೆ: ಆ ಬಟ್ಟಲು ಕಂಡರೂ ನನಗೆ ಹೊಟ್ಟೆಕಿಚ್ಚು. ನಿನ್ನೆ ಅವಳು ಮುಖ ಆಚೆ ತಿರುಗಿಸಿದಾಗ ಒಂದು ತುತ್ತು ತಿಂದುಬಿಟ್ಟೆ.